ಬೆಳ್ಳಿಯ ಬಿಡುಗಡೆ ದಿನ

ಅಯ್ಯೋ, ಮತ್ತೆ ಅದನ್ನೇ ಕೇಳಬೇಡಿ ಗೌಡ್ರೇ! ಒಂದ್ಸಲ ಹೇಳಿದೆನಲ್ಲ… ನಿಮ್ಮ ಮಗ ಬೆಳ್ಳಿ ಇಲ್ಲಿಲ್ಲ. ಗೊತ್ತು, ಗೊತ್ತು, ಇವತ್ತೇ ಅವನ ಬಿಡುಗಡೆ. ಮೂರು ತಿಂಗಳು ಇವತ್ತಿಗೆ ಮುಗೀತು. ಹೋದ ವಾರ ನೀವು ಬಂದಾಗ ದಿನ ಎಣಿಸಿ ಹೇಳಿದವನೇ ನಾನು. ಆದರೆ ಜ್ವರ ಇಳೀಬೇಕಲ್ಲ? ಇಳೀಲಿಲ್ಲ. ಮೊನ್ನೆ ರೈಲಿನಲ್ಲಿ ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಷ್ಟೇ.

ಕಿಂಡಿಗೆ ಅಷ್ಟು ಹತ್ತಿರ ಬರಬೇಡಿ. ಜೈಲರ್ ನೋಡಿದರೆ ನನ್ನ ಬೆಲ್ಟು ಬಿಚ್ಚಿಸ್ತಾರೆ.

ಏನದು ಗಂಟು? ಓ… ಹೊಸ ಬಟ್ಟೆ. ಅವನಿಗಾ? ಕಂಬಳೀನೂ ತಂದಿದ್ದೀರಿ… ಒಳ್ಳೇದಾಯ್ತು. ಅಂದರೆ… ಇರಲಿ ಬಿಡಿ. ಕಟ್ಟಬೆಟ್ಟಿನಿಂದ ನಡೆದೇ ಬಂದಿರಾ, ಈ ಮಂಜಿನಲ್ಲಿ?

ಯಾಕೆ ಹಾಗೆ ನೋಡ್ತೀರಿ? ವಾರ್ಡರ್ ಸಿದ್ದಯ್ಯ ಸುಳ್ಳು ಹೇಳ್ತಾನೆ ಅಂತಲಾ? ನನಗೇನು ಬಂದಿದೆ ಸುಳ್ಳು ಹೇಳೋಕೆ! ಹದಿನಾಲ್ಕು ವರ್ಷ ಆಯ್ತು ನಾನು ಈ ಗೋಡೆ ಒಳಗೆ ಬಿದ್ದು. ನಿಮ್ಮ ಮಗ ಸರ್ಕಾರಿ ಕಾಡಲ್ಲಿ ಒಂದು ಮರ ಕಡಿದ, ಮೂರು ತಿಂಗಳು ಶಿಕ್ಷೆ ಆಯ್ತು. ನಾನು ಯಾವ ಮರ ಕಡಿದೆ, ಹೇಳಿ? ಈ ಬಾಗಿಲ ಕೀಲಿ ನನ್ನ ಹತ್ತಿರ ಇದೆ ಅಂದ್ಕೊಂಡಿದ್ದೀರಾ? ಜೈಲರ್ ಸೊಂಟದಲ್ಲಿದೆ. ನಂಜನಗೂಡಲ್ಲಿ ಹೆಂಡತಿ ಹೆರಿಗೆಗೆ ಮಲಗಿದಾಗ ಎರಡು ದಿನ ರಜೆ ಕೇಳಿದೆ, ಕೊಡಲಿಲ್ಲ. ನಗಬೇಡಿ! … ನಗಲಿಲ್ವಾ? ಸರಿ. ನನಗೇ ಹಾಗನ್ನಿಸ್ತು.

ಹೋಗುವಾಗ ಚೆನ್ನಾಗೇ ಇದ್ದ, ನನ್ನಾಣೆ. ಗಂಜಿ ಕುಡಿದ. ಎಮ್ಮೆ ಕರು ಹಾಕಿತಾ ಅಂತ ವಿಚಾರಿಸಿದ. 'ಅಪ್ಪ ಬಂದರೆ ಕಾಯೋದು ಬೇಡ ಅನ್ನಿ' ಅಂದ. ಹೂಂ, ಹಾಗೇ ಅಂದ. ಹೋಗಿ ಗೌಡ್ರೇ. ಹದಿನೈದು ದಿನ ಬಿಟ್ಟು ಬನ್ನಿ…

ಇದೇನು? ಕಿಂಡಿಯೊಳಗೆ ಕೈ ಯಾಕೆ ಚಾಚಿದಿರಿ?

ಓ. ಅದಾ.

ಕೊಟ್ಟಿದ್ದಿರಿ. ಇಲ್ಲ ಅಂದವರು ಯಾರು? ಹೋದ ವಾರ ಇದೇ ಕಿಂಡೀಲಿ ಕೊಟ್ಟಿರಿ. ಎಲೆಯಲ್ಲಿ ಬೆಣ್ಣೆ, ಬೆಣ್ಣೆಯೊಳಗೆ ಉಗುರಿಗಿಂತ ಸಣ್ಣ ಚಿನ್ನದ ಹಣದ ಬಿಲ್ಲೆ. 'ನಮ್ಮೋರು ಉಸಿರು ಹೋಗೋ ಮುಂಚೆ ಇದನ್ನ ನುಂಗಬೇಕು ಸಿದ್ದಯ್ಯ, ಇಲ್ಲದಿದ್ರೆ ಆಚೆ ದಾರಿ ಸಿಗಲ್ಲ. ಅವನು ಹುಷಾರಾದರೆ ನನಗೆ ವಾಪಸ್ ಕೊಡು' ಅಂದಿರಿ. ಎಲ್ಲಾ ನೆನಪಿದೆ. ಕೊಡ್ತೀನಿ! ಪೆಟ್ಟಿಗೇಲಿದೆ. ನಾಳೆ… ನಾಳೆ ಬೇಡ, ನಾಳಿದ್ದು…

ಕೈ ತಗೀರಿ ಗೌಡ್ರೇ.

ಸರಿ, ನಿಜ ಹೇಳಲಾ? ಮಾರ್ಕೊಂಡೆ! ಹೂಂ, ಮಾರ್ಕೊಂಡು ತಿಂದೆ! ಜೈಲು ಕಾಯೋನೇ ಕಳ್ಳ, ಸಾಕಾ? ಬೈಯಿರಿ! ಮುಖಕ್ಕೆ ಉಗೀರಿ! ನಾಲ್ಕು ಜನಾನ ಕರಕೊಂಡು ಬಂದು ಹೊಡೀರಿ, ಹೊಡಿಸ್ಕೋತೀನಿ… ಏನಾದರೂ ಅನ್ನಿ, ನಿಮ್ಮ ದಮ್ಮಯ್ಯ…

ಹೆಣದ ಮುಂದೆ ಬಿಚ್ಚೋ ಹಾಗೆ ಮುಂಡಾಸು ಯಾಕೆ ಬಿಚ್ಚುತ್ತಿದ್ದೀರಿ? ಬೇಡ… ಬೇಡ ಗೌಡ್ರೇ, ಕಟ್ಟಿಕೊಳ್ಳಿ. ನಾನೇನೂ ಹೇಳಲೇ ಇಲ್ಲವಲ್ಲ! ಹೇಳಕೂಡದು ಅಂತ ಅಪ್ಪಣೆ ಆಗಿದೆ. ಹೇಳಿದರೆ ನಿಮ್ಮ ಹಟ್ಟಿಗೆ ಹಟ್ಟಿಯೇ ಬಂದು ಹೆಣ ಕೇಳುತ್ತೆ, ಗಲಾಟೆ ಆಗುತ್ತೆ ಅಂತ ಹೆದರಿ… ಅವತ್ತೇ, ಹಿಂದಿನ ಗೋಡೆ ಪಕ್ಕ ಗುಂಡಿ ತೆಗೆಸಿ… ಮಣ್ಣು ಎಳೆದವನೂ ನಾನೇ. ಎರಡು ಸಲ ಗುದ್ದಲಿ ಕೆಳಗಿಟ್ಟೆ ಗೌಡ್ರೇ. ಆದರೂ ಎಳೆದೆ.

ಅಳಬೇಡಿ. ಅಯ್ಯೋ, ಅಳ್ತಾ ಇರೋನು ನಾನು…

ಕೇಳಿ. ಇಷ್ಟು ಕೇಳಿ ಹೋಗಿ. ಕೋಣೆ ಬೀಗ ತೆಗೆಯೋಕೆ ಹುಕುಂ ಇರಲಿಲ್ಲ. ಡಾಕ್ಟರ್ ಬರ್ತಾರೆ, ಬರ್ತಾರೆ ಅಂತ ಎರಡು ದಿನ ಅಂದರು, ಬರಲಿಲ್ಲ. ಉಸಿರು ಗೊರಗೊರ ಅಂತಿತ್ತು. ನಾನು ಕಂಬಿ ಮಧ್ಯೆ ಕೈ ತೂರಿಸಿದೆ. ತೆವಳಿಕೊಂಡು ಬಂದ. ಬೆಣ್ಣೆ ನೋಡಿದ. ನೋಡಿದ ತಕ್ಷಣ ಅವನಿಗೆ ಗೊತ್ತಾಗಿ ಹೋಯ್ತು. 'ಅಪ್ಪ ಕೊಟ್ಟಿದ್ದಾ?' ಅಂದ. ಹೂಂ ಅಂದೆ.

ಬಾಯಿ ತೆರೆದ ಗೌಡ್ರೇ. ಈ ಬೆರಳಲ್ಲೇ ಇಟ್ಟೆ. ನುಂಗಿದ… ನಾನು ನೋಡಿದೆ, ನುಂಗಿದ.