ಪ್ರೇಮಕ್ಕ ಕದಿಯದ ಬಿಳಿ ದಾಸವಾಳ

ಸಭೆಯ ಅಧ್ಯಕ್ಷರಾದ ಶ್ರೀ ನಂಜುಂಡಸ್ವಾಮಿಯವರೇ, ಬಿಸಿಲಲ್ಲಿ ಮನೆಮನೆಗೆ ಬಂದು, ಎಲೆ ತಿರುವಿ ತಿರುವಿ ಹುಳ ಹುಡುಕಿ, ಸಿಗದೇ ಹೋದದ್ದಕ್ಕೆ ನನ್ನ ತೋಟಕ್ಕೆ ಮೊದಲ ಬಹುಮಾನ ಕೊಟ್ಟ ತೀರ್ಪುಗಾರರೂ ಮುಖ್ಯ ಅತಿಥಿಗಳೂ ಆದ, ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕರಾದ ಶ್ರೀ ಕೃಷ್ಣಸ್ವಾಮಿಯವರೇ, ಸಿದ್ದಪ್ಪಾಜಿ ಬಡಾವಣೆ ನಿವಾಸಿಗಳ ಸಂಘದ ಪದಾಧಿಕಾರಿಗಳೇ, ಹಿಂದಿನ ಕೋಣೆಯಿಂದ ಉಪ್ಪಿಟ್ಟಿನ ಘಮ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಹನಶೀಲ ಸಭಿಕರೇ,

ಎಲ್ಲರಿಗೂ ಈ ಭಾನುಮತಿಯ ವಂದನೆಗಳು. ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ತಲೆಯ ಮೇಲೆ ಮೈಸೂರು ಪೇಟ ಇಟ್ಟಿದ್ದೀರಿ. ಪೇಟ ಸ್ವಲ್ಪ ದೊಡ್ಡದು, ಕಿವಿಯ ಮೇಲೆ ಕೂತಿದೆ. ಪರವಾಗಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸರ್ವೀಸಿನುದ್ದಕ್ಕೂ ಹೆಡ್‌ಫೋನ್ ಹೊತ್ತ ಕಿವಿಗಳಿವು, ಇದನ್ನೂ ಹೊರುತ್ತವೆ. ನನಗೆ ಇವತ್ತು ಎಷ್ಟು ಸಂತೋಷವಾಗಿದೆ ಎಂದರೆ, ಬೆಳಿಗ್ಗೆ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿ, ಅದನ್ನೇ ಕುಡಿದು ಬಂದಿದ್ದೇನೆ.

ನನ್ನ ತೋಟದ ಗುಟ್ಟೇನು ಎಂದು ಸಂಘದವರು ಕೇಳಿದ್ದಾರೆ. ಅದನ್ನು ಹೇಳುವುದಕ್ಕೇ ಮೈಕ್ ಕೊಟ್ಟಿದ್ದಾರೆ. ಹೇಳುತ್ತೇನೆ. ಗುಟ್ಟೇನೂ ಇಲ್ಲ. ಹಟವಿರುವ ಗಿಡಗಳನ್ನು ಸಾಕಿ, ಅಷ್ಟೇ. ಈ ಎರಡು ವರ್ಷದ ಬೇಸಿಗೆ ನೆನಪಿದೆಯಲ್ಲ? ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಗಾಳಿ ಬರುತ್ತಿತ್ತು, ಎಷ್ಟೋ ದಿನ ಬರೀ ಗಾಳಿಯೇ ಬರುತ್ತಿತ್ತು. ಆಗ ಗುಲಾಬಿ ಸಾಕಿದವರ ಗತಿ ಏನಾಯಿತು? ಅವರು ಇದೇ ಸಭೆಯಲ್ಲಿದ್ದಾರೆ, ಹೆಸರು ಹೇಳುವುದಿಲ್ಲ, ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ನನ್ನ ಟೇಬಲ್ ರೋಸ್ ಏನು ಮಾಡಿತು? ಒಡೆದ ಕುಕ್ಕರಿನಲ್ಲಿ ಕೂತು, ಅಕ್ಕಿ ತೊಳೆದ ನೀರು ಕುಡಿದು, ಬೆಳಿಗ್ಗೆ ಹತ್ತಕ್ಕೆಲ್ಲ ಬಾಯಿ ತುಂಬ ನಕ್ಕಿತು! ನಿತ್ಯಪುಷ್ಪ ಏನು ಮಾಡಿತು? ಮೆಟ್ಟಿಲ ಸಂದಿಯಲ್ಲಿ, ಮಣ್ಣೇ ಇಲ್ಲದ ಕಡೆ ಹುಟ್ಟಿ ಹೂ ಬಿಟ್ಟಿತು! ಶಂಖಪುಷ್ಪ ಕಾಂಪೌಂಡಿನ ಗೇಟನ್ನೇ ನುಂಗಿತು. ಗೋರಂಟಿ, ಕಣಗಿಲೆ, ಸಂಜೆಮಲ್ಲಿಗೆ, ಇವುಗಳಲ್ಲಿ ಯಾವುದಾದರೂ ಒಂದು ದಿನ ನನ್ನ ಹತ್ತಿರ ನೀರು ಕೇಳಿದ್ದುಂಟೇ? ಇಲ್ಲ. ಒಂದು ಎಚ್ಚರಿಕೆ, ಕಣಗಿಲೆಯನ್ನು ಕಣ್ಣಿಂದ ನೋಡಿ, ದೇವರಿಗಿಡಿ, ಬಾಯಿಗೆ ಮಾತ್ರ ಹಾಕಬೇಡಿ. ಅದು ವಿಷ. ಎಲೆ ಎಂದ ಕೂಡಲೇ ಕಷಾಯ ಮಾಡುವ ಜನ ನಮ್ಮಲ್ಲಿ ಇದ್ದಾರೆ.

ಇದ್ದಾರೆ ಎಂದರೆ ಯಾರು? ನಿಮಗೆಲ್ಲ ಗೊತ್ತು. ನಮ್ಮ ಪ್ರೇಮಲೀಲಾ ಅವರು. ನನಗೆ ಪ್ರೇಮಕ್ಕ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ಮಂಡಿ ಮೊಹಲ್ಲಾದಲ್ಲಿ ಗ್ರಂಧಿಗೆ ಅಂಗಡಿ ಇಟ್ಟಿರುವ ಸದಾಶಿವಯ್ಯನವರ ಹೆಂಡತಿ. ಗಂಡನ ಅಂಗಡಿಯಲ್ಲಿ ಬೇರು, ನಾರು, ತೊಗಟೆ; ಹೆಂಡತಿಯ ಹಿತ್ತಲಲ್ಲಿ ದೊಡ್ಡಪತ್ರೆ, ಒಂದೆಲಗ, ಅಮೃತಬಳ್ಳಿ, ಆಡುಸೋಗೆ. ಈ ಬಡಾವಣೆಯಲ್ಲಿ ಯಾವ ಮಗುವಿಗೆ ಶೀತವಾದರೂ ದೊಡ್ಡಪತ್ರೆ ಬಾಡಿಸಿ ರಸ ತೆಗೆದು ಜೇನಿನಲ್ಲಿ ನೆಕ್ಕಿಸಿದವರು ಯಾರು? ಅವರೇ. ನಮ್ಮ ತಲೆಗೂದಲಿಗೆಲ್ಲ ದಾಸವಾಳದ ಎಲೆಯ ಲೋಳೆ ಹಚ್ಚಿಸಿದವರು ಯಾರು? ಅವರೇ. ನಾನು ಮದುವೆಯಾಗಲಿಲ್ಲ. "ಅದಕ್ಕೂ ಒಂದು ಬೇರಿದೆ ಕಣೇ, ಈಗ್ಲೂ ಲೇಟಾಗಿಲ್ಲ" ಎಂದು ನನ್ನ ನಲವತ್ತೈದನೇ ವಯಸ್ಸಿನಲ್ಲಿ ಹೇಳಿದವರೂ ಅವರೇ!

ನಾನು ತೊಂಬತ್ತೆರಡರಲ್ಲಿ ಈ ಬಡಾವಣೆಗೆ ಬಂದಾಗ ಇಲ್ಲಿ ಏನಿತ್ತು? ಆ ಕಡೆ ಹಿನಕಲ್ ಊರಿನ ಹೊಲ, ಈ ಕಡೆ ಜಲ್ಲಿರಾಶಿ, ನಡುವೆ ನನ್ನ ಬೋಳು ಸೈಟು. ಗೃಹಪ್ರವೇಶದ ಮಾರನೆಯ ದಿನ ಗೋಡೆಯ ಆಚೆಯಿಂದ ಒಂದು ಧ್ವನಿ: "ಏನ್ರೀ, ಒಂದು ಗಿಡಾನೂ ಇಲ್ವಲ್ರೀ ನಿಮ್ಮನೇಲಿ? ಬಂದು ನಮ್ದು ಕದ್ಕೊಂಡ್ಹೋಗಿ." ನಾನು ಬೆಚ್ಚಿಬಿದ್ದೆ. ಕೇಳಿ ತಂದ ಗಿಡ ಕೊರಗುತ್ತದೆ, ಕದ್ದು ತಂದದ್ದು ಹತ್ತುತ್ತದೆ ಎಂಬ ನಂಬಿಕೆ ನಿಮ್ಮೆಲ್ಲರ ಮನೆಯಲ್ಲೂ ಇರಬಹುದು. ಪ್ರೇಮಕ್ಕನ ಮನೆಯಲ್ಲಿ ಅದು ಕಾನೂನು. ಆದರೆ ಅವರು ಮರ್ಯಾದಸ್ಥರು, ಹೇಳದೆ ಕೇಳದೆ ಕದಿಯುವವರಲ್ಲ. ಬಾಗಿಲಿಗೆ ಬಂದು ಕೂಗುತ್ತಿದ್ದರು: "ಭಾನೂ, ಒಳಕ್ಕೋಗು ಕಣೇ, ನಿನ್ ಕನಕಾಂಬರ ಕದೀಬೇಕು!" ನಾನು ಒಳಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು. ಟಕ್ ಎಂದು ಕಡ್ಡಿ ಮುರಿದ ಸದ್ದು. ಆಮೇಲೆ ಇಬ್ಬರೂ ಏನೂ ನಡೆದೇ ಇಲ್ಲವೆನ್ನುವ ಹಾಗೆ ಕಾಫಿ ಕುಡಿಯುವುದು. ಕಾನೂನಿನ ಎರಡನೆಯ ಕಲಮು, ಥ್ಯಾಂಕ್ಸ್ ಹೇಳಬಾರದು. ಹೇಳಿದರೆ ಬೇರು ಬಿಡುವುದಿಲ್ಲ. ಹತ್ತು ವರ್ಷ ನಾವು ಹೀಗೆ ಒಬ್ಬರನ್ನೊಬ್ಬರು ದೋಚಿದೆವು. ನನ್ನ ತೋಟದಲ್ಲಿ ಕೊಂಡು ತಂದ ಗಿಡ ಒಂದೇ ಒಂದು, ಬಿಳಿ ದಾಸವಾಳ. ಉಳಿದದ್ದೆಲ್ಲ ಕಳ್ಳಮಾಲು. ತೀರ್ಪುಗಾರರು ಈಗ ಬಹುಮಾನ ವಾಪಸ್ ಕೇಳಬಾರದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸ್ವಾಮಿ, ಟ್ರಂಕ್ ಕಾಲಿನಲ್ಲಿ ಮೂರು ನಿಮಿಷಕ್ಕೆ ಎಷ್ಟೋ ಜನರ ಮಾತು ಕತ್ತರಿಸಿದವಳು ನಾನು, ಅವರ ಶಾಪವೆಲ್ಲ ಇವತ್ತು ತಟ್ಟುತ್ತಿದೆ. ಸ್ವಲ್ಪ ಎಕ್ಸ್‌ಟೆನ್ಷನ್ ಕೊಡಿ.

ಎಲ್ಲಿದ್ದೆ? ಮನೆಮದ್ದು. ಮನೆಮದ್ದನ್ನು ನಾನು ಹೀಗಳೆಯುವವಳಲ್ಲ. ಕೆಮ್ಮಿಗೆ ಆಡುಸೋಗೆ, ಅಜೀರ್ಣಕ್ಕೆ ಓಂಕಾಳು, ಮೈಕೈ ನೋವಿಗೆ ಲಕ್ಕಿಸೊಪ್ಪಿನ ಬಿಸಿನೀರು. ಎಲ್ಲ ಸರಿ. ಆದರೆ ಎದೆನೋವಿಗೆ? ಎದೆನೋವಿಗೆ ಏನು ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ, ಆಟೋ! ಆಟೋ ಹತ್ತಿ ಆಸ್ಪತ್ರೆಗೆ ಹೋಗಿ! ಇದನ್ನು ನಾನು ಮೈಕಿನಲ್ಲಿ ಹೇಳುತ್ತಿದ್ದೇನೆ, ಮತ್ತೆ ಹೇಳುತ್ತೇನೆ, ನನ್ನ ಜೊತೆ ಮಾತು ಬಿಡುವವರು ಬಿಡಲಿ.

ಬಿಟ್ಟಿದ್ದಾರೆ ಕೂಡ. ಇದನ್ನು ಹೇಳಬಾರದು ಅಂದುಕೊಂಡೇ ಬಂದಿದ್ದೆ. ಆದರೆ ಇಡೀ ಬಡಾವಣೆಗೆ ಗೊತ್ತಿರುವುದನ್ನು ಮುಚ್ಚಿಡುವುದೇನು? ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಪ್ರೇಮಕ್ಕನ ಮಗಳು ನಿಶ್ಚಿತಾಳ ಮದುವೆ ಮಾತುಕತೆಗೆ ಬೀಗರು ಬಂದಿದ್ದರು. ನಾನು ಪ್ರೇಮಕ್ಕನ ಮನೆಯಲ್ಲೇ ಶ್ಯಾವಿಗೆ ಪಾಯಸಕ್ಕೆ ದ್ರಾಕ್ಷಿ ಹುರಿಯುತ್ತಿದ್ದೆ. ಬೀಗಿತ್ತಿಗೆ ಮಂಡಿನೋವು ಎಂದು ತಿಳಿದದ್ದೇ ತಡ, ಪ್ರೇಮಕ್ಕನ ಉತ್ಸಾಹ ಕೇಳಬೇಕೆ? ಈ ಎಣ್ಣೆ, ಆ ಸೊಪ್ಪು, ಹೀಗೆ ಕಟ್ಟು ಕಟ್ಟಿ ಎಂದು ವಿವರಿಸುತ್ತಾ ಇದ್ದವರು ಮಾತು ನಿಲ್ಲಿಸಿ ಎಡಗೈ ಹಿಡಿದುಕೊಂಡರು. ಮುಖದ ತುಂಬ ಬೆವರು. "ಏನಿಲ್ಲ, ವಾಯು ಕಣೇ, ಶುಂಠಿ ಕಷಾಯ ಕುಡುದ್ರೆ ಇಳ್ದೋಗ್ತದೆ" ಎಂದು ಲೋಟ ಬಾಯಿಗಿಟ್ಟರು. ನಾನು ಏನು ಮಾಡಿದೆ? ಲೋಟ ಕಿತ್ತುಕೊಂಡೆ. ಬೀಗರ ಎದುರಿಗೇ ಸಿಂಕಿಗೆ ಚೆಲ್ಲಿದೆ. "ನಿನ್ನ ಕಷಾಯಕ್ಕಿಷ್ಟು ಬೆಂಕಿ ಹಾಕ! ಎದ್ದೇಳು ಪ್ರೇಮಕ್ಕ!" ಎಂದು ಕಿರುಚಿದೆ. ಆಟೋದಲ್ಲಿ ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಪ್ರೇಮಕ್ಕ ಬದುಕಿದರು. ಮದುವೆಯೂ ಚೆನ್ನಾಗಿಯೇ ಆಯಿತು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸದಾಶಿವಯ್ಯನವರು ನಮ್ಮ ಗೇಟಿನ ಹತ್ತಿರ ಬಂದು, ಪಾಪ, ನೆಲ ನೋಡುತ್ತಾ ಹೇಳಿದರು: "ಪ್ರಾಣ ಉಳ್ಸಿದ್ದು ನೀವೇ ಅಂತೆ ಕಣಮ್ಮ, ಆ ಋಣ ಇದೆಯಂತೆ. ಆದ್ರೆ ಬೀಗರ ಮುಂದೆ ಕಷಾಯ ಚೆಲ್ಬುಟ್ಟಿದ್ದಕ್ಕೆ ನಿಮ್ಮ ಜೊತೆ ಮಾತಿಲ್ವಂತೆ." ಕೇಳಿದಿರಾ ನ್ಯಾಯ? ನೀವು ನಗುತ್ತೀರಿ. ನಾನೂ ಅವತ್ತು ನಕ್ಕೆ, ಒಂದು ವಾರದಲ್ಲಿ ಸರಿಹೋಗುತ್ತಾರೆ ಎಂದುಕೊಂಡೆ. ನಾನು ಮಾಡಿದ್ದು ಸರಿ. ಇನ್ನೊಮ್ಮೆ ಹಾಗಾದರೆ ಇನ್ನೊಮ್ಮೆ ಚೆಲ್ಲುತ್ತೇನೆ, ಬೀಗರಲ್ಲ, ಮಠದ ಸ್ವಾಮಿಗಳೇ ಎದುರಿಗಿದ್ದರೂ ಚೆಲ್ಲುತ್ತೇನೆ.

ನನಗೇನೂ ಬೇಜಾರಿಲ್ಲ. ಗಿಡಗಳಿದ್ದವು, ರೇಡಿಯೋ ಇತ್ತು. ಬೇಸರ ಕಳೆಯಲೆಂದು ಇನ್ನಷ್ಟು ಕುಂಡ ಇಟ್ಟೆ. ಬೇಸರವಿಲ್ಲ ಅಂದೆ ಅಲ್ಲವೇ? ಇರಲಿ. ಕನಕಾಂಬರವನ್ನು ಗೋಡೆಯ ಪಕ್ಕಕ್ಕೆ ತಂದಿಟ್ಟೆ, ಯಾರಿಗಾದರೂ ಸುಲಭವಾಗಿ ಕೈಗೆ ಸಿಗಲಿ ಎಂದು. ಗೇಟಿಗೆ ಚಿಲಕ ಹಾಕುವುದನ್ನು ನಿಲ್ಲಿಸಿದೆ. ಬೆಳಿಗ್ಗೆ ಹೊತ್ತು ಒಳಗೆ ಹೋಗಿ ರೇಡಿಯೋ ಜೋರಾಗಿ ಇಟ್ಟು, ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಹೀಗೆ ಕಳ್ಳರಿಗೆ ಕಾದು ನಿಂತದ್ದನ್ನು ಎಲ್ಲಾದರೂ ಕೇಳಿದ್ದೀರಾ? ಒಂದು ಎಲೆ ಹೋಗಲಿಲ್ಲ. ಊರಿಗೆಲ್ಲ ಲೈನ್ ಕೊಟ್ಟವಳಿಗೆ ಪಕ್ಕದ ಮನೆಗೆ ಲೈನ್ ಸಿಗಲಿಲ್ಲ. ತೋಟ ಬೆಳೆಯಿತು, ಬೆಳೆಯಿತು, ಬೆಳೆಯುತ್ತಲೇ ಹೋಯಿತು. ನೀವು ಬಹುಮಾನ ಕೊಟ್ಟಿರುವ ಈ ತೋಟ ಇಷ್ಟು ಹುಲುಸಾಗಿರುವುದಕ್ಕೆ ಕಾರಣ ಅದೇ. ಅದನ್ನು ಕದಿಯುವವರು ಇರಲಿಲ್ಲ.

ಈ ಮಳೆಗಾಲದಲ್ಲಿ ನನಗೆ ಕೆಮ್ಮು ಹಿಡಿಯಿತು. ಡಾಕ್ಟರ ಸಿರಪ್ಪು ಕುಡಿದೆ, ಕೆಮ್ಮಿದೆ, ಕುಡಿದೆ, ಕೆಮ್ಮಿದೆ. ನನ್ನ ಕೆಮ್ಮು ಆ ಗೋಡೆ ದಾಟಿರಬೇಕು. ಒಂದು ಬೆಳಿಗ್ಗೆ ನೋಡುತ್ತೇನೆ, ಪ್ರೇಮಕ್ಕನ ಆಡುಸೋಗೆ ಗಿಡ ನಮ್ಮ ಕಡೆಗೆ ಬಾಗಿದೆ! ತಾನಾಗಿ ಬಾಗಿಲ್ಲ ಸ್ವಾಮಿ. ಸೆಣಬಿನ ಹುರಿ ಹಾಕಿ, ಎಳೆದು, ಗೋಡೆಯ ಮೊಳೆಗೆ ಕಟ್ಟಿದ್ದಾರೆ. ಆಚೆ ಯಾರೂ ಕಾಣಲಿಲ್ಲ. ಆದರೆ ಅವರ ಅಡುಗೆಮನೆಯ ಕಿಟಕಿಯಲ್ಲಿ ಒಂದು ಬೆನ್ನು ಕಂಡಿತು. ನಮ್ಮ ಕಡೆಗೆ ತಿರುಗಿಸಿದ ಬೆನ್ನು! ನನಗೆ ಅಲ್ಲೇ ಕುಣಿಯಬೇಕೆನಿಸಿತು. ಟಕ್ ಎಂದು ಮುರಿದೆ, ಅವರಿಗೆ ಕೇಳಿಸುವ ಹಾಗೆ ಮುರಿದೆ. ಕುದಿಸಿ ಕುಡಿದೆ. ಸಿರಪ್ಪನ್ನೂ ಬಿಡಲಿಲ್ಲ. ಕೆಮ್ಮು ಹೋದದ್ದು ಯಾವುದರಿಂದ? ಡಾಕ್ಟರಿಗೆ ಸಿರಪ್ಪಿನಿಂದ ಎಂದು ಹೇಳಿದೆ, ಗೋಡೆಯ ಹತ್ತಿರ ನಿಂತು ಆಡುಸೋಗೆಯಿಂದ ಎಂದು ಗಟ್ಟಿಯಾಗಿ ಹೇಳಿದೆ.

ಹಾಗಾಗಿ ಲೆಕ್ಕದಲ್ಲಿ ಈಗ ಕದಿಯುವ ಸರದಿ ಅವರದ್ದು. ಪ್ರೇಮಕ್ಕ ಇವತ್ತು ಬಂದಿದ್ದಾರೆ. ಅಲ್ಲಿ, ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಹಸಿರು ಸೀರೆ. ಯಾರೂ ತಿರುಗಿ ನೋಡಬೇಡಿ! ತಿರುಗಬೇಡಿ ಅಂದೆ! ಬಹುಮಾನದ ಕುಂಡಗಳನ್ನೆಲ್ಲ ವೇದಿಕೆಯ ಮೇಲೆ ಜೋಡಿಸಿದ್ದೀರಿ. ಬಿಳಿ ದಾಸವಾಳವನ್ನು ಮಾತ್ರ ನಾನೇ ಹೊತ್ತುಕೊಂಡು ಹೋಗಿ ಆ ಬಾಗಿಲ ಬಳಿ ಇಟ್ಟಿದ್ದೇನೆ. ಸೋಮವಾರ ಶಿವನ ತಲೆಗಿಡಲು ಬಿಳಿ ದಾಸವಾಳ ಬೇಕು ಎಂದು ಪ್ರೇಮಕ್ಕ ಎಷ್ಟು ವರ್ಷದಿಂದ ಹಂಬಲಿಸುತ್ತಿದ್ದರು. ಅದಕ್ಕೇ ನಾನು ಅದನ್ನು ಕೊಂಡು ತಂದದ್ದು. ಅದು ಮೊದಲ ಹೂ ಬಿಡುವ ಹೊತ್ತಿಗೆ ನಮ್ಮ ಮಾತು ನಿಂತಿತ್ತು. ಕೈಯಾರೆ ಕೊಟ್ಟುಬಿಡಬಹುದಿತ್ತಲ್ಲ ಎನ್ನುತ್ತೀರಾ? ಕೊಟ್ಟರೆ ಹತ್ತುವುದಿಲ್ಲ. ನನಗದು ಅವರ ಹಿತ್ತಲಲ್ಲಿ ಹತ್ತಬೇಕು.

ಆದ್ದರಿಂದ ಮಾನ್ಯ ಸಭಿಕರೇ, ನಿಮ್ಮಲ್ಲಿ ಒಂದು ವಿನಂತಿ. ಎಲ್ಲರೂ ನನ್ನನ್ನೇ ನೋಡುತ್ತಿರಿ. ನಾನು ಈಗ ಬೆನ್ನು ತಿರುಗಿಸಿ ಈ ಹಿಂದಿನ ಪರದೆಯ ಮೇಲೆ ಬರೆದದ್ದನ್ನು ನಿಧಾನವಾಗಿ ಓದುತ್ತೇನೆ. ಅಧ್ಯಕ್ಷರೇ, ನೀವೂ ತಿರುಗಿ. ಅತಿಥಿಗಳೇ, ದಯವಿಟ್ಟು. ಹಾಂ. "ಸಿದ್ದಪ್ಪಾಜಿ ಬಡಾವಣೆ... ನಿವಾಸಿಗಳ ಸಂಘ... ವಾರ್ಷಿಕೋತ್ಸವ... ಮತ್ತು... ಮನೆತೋಟ ಸ್ಪರ್ಧೆ... ಬಹುಮಾನ ವಿತರಣೆ... ಎರಡು ಸಾವಿರದ ನಾಲ್ಕು..." ಅಕ್ಷರ ಮುಗಿಯುತ್ತಾ ಬಂತು. ಇನ್ನೊಮ್ಮೆ ಓದುತ್ತೇನೆ, ನನಗೇನೂ ಅವಸರವಿಲ್ಲ. "ಸಿದ್ದಪ್ಪಾಜಿ... ಬಡಾವಣೆ... ನಿವಾಸಿಗಳ..."

ಕೇಳಿಸಿತಾ?

ಟಕ್ ಅಂದಿತು. ಮೈಕಿಗೂ ಕೇಳಿಸಿದೆ. ಚಪ್ಪಾಳೆ ಬೇಡ, ಚಪ್ಪಾಳೆ ಹೊಡೆದರೆ ಕಳ್ಳರಿಗೆ ಮುಜುಗರವಾಗುತ್ತದೆ. ಈ ಕಣ್ಣೀರಿಗೆ ಪೇಟದ ಜರಿ ಚುಚ್ಚಿದ್ದು ಕಾರಣ, ಬೇರೇನೂ ಅಲ್ಲ. ನಾನು ಇವತ್ತು ಸಂಜೆ ಕಾಫಿಗೆ ಹಾಲು ಹೆಚ್ಚು ತರಿಸುತ್ತೇನೆ. ಯಾಕೆ ಎಂದು ಯಾರೂ ಕೇಳಬೇಡಿ. ಏನೂ ನಡೆದಿಲ್ಲ.

ಸನ್ಮಾನ ಮಾಡಿದ ಸಂಘಕ್ಕೆ, ತಾಳ್ಮೆಯ ಅಧ್ಯಕ್ಷರಿಗೆ, ತೀರ್ಪುಗಾರರಿಗೆ, ಉಪ್ಪಿಟ್ಟು ಮಾಡಿದ ಕೈಗಳಿಗೆ, ನೋಡದೆ ಕುಳಿತಿದ್ದ ನಿಮಗೆಲ್ಲ ಹೃದಯಪೂರ್ವಕ ಧನ್ಯವಾದಗಳು. ಒಬ್ಬರಿಗೆ ಮಾತ್ರ ಧನ್ಯವಾದ ಹೇಳುವುದಿಲ್ಲ. ಆ ಕಡ್ಡಿ ಬೇರು ಬಿಡಬೇಕು.

ನಮಸ್ಕಾರ.