ಹದಿನಾಲ್ಕನೇ ನಂಬರಿನ ಬಾಗಿಲು ತೆರೆದ ಬಗ್ಗೆ

ಹೆಸರು ಪಾಸ್‌ಪೋರ್ಟಿನಲ್ಲಿ ಇರುವುದೇ, ಆದರೆ ಊರಿನಲ್ಲಿ ಎಲ್ಲರೂ ನನ್ನನ್ನು ಬೀಗದಕ್ಕ ಎನ್ನುತ್ತಾರೆ. ವಯಸ್ಸು 49. ಕಸುಬು ಬೀಗ ರಿಪೇರಿ ಮತ್ತು ಕೀ ಮಾಡುವುದು, ಇಪ್ಪತ್ತೆರಡು ವರ್ಷಗಳಿಂದ. ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆ, ಅಂಗಡಿಯ ಮೇಲಿನ ಮನೆ. ಠಾಣೆಯವರು ಕರೆಸಿದ ದುಭಾಷಿಯ ಮುಂದೆ, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುವುದೇನೆಂದರೆ:

ನಾನು ಈ ದೇಶಕ್ಕೆ ಬಂದವಳಲ್ಲ. ಇಲ್ಲಿ ವಿಮಾನ ಬದಲಿಸಬೇಕಿತ್ತು, ಅಷ್ಟೆ. ಬೆಳಿಗ್ಗೆ 6.10ಕ್ಕೆ ಇಳಿದೆ. ಮುಂದಿನ ವಿಮಾನ ಸಂಜೆ 5.50ಕ್ಕೆ. ಅದರಲ್ಲಿ ನನ್ನ ತಂಗಿಯ ಊರಿಗೆ ಹೋಗಬೇಕಿತ್ತು. ನಾಳೆ ಬೆಳಿಗ್ಗೆ 10 ಗಂಟೆಗೆ ಅಲ್ಲಿನ ನೋಂದಣಿ ಕಚೇರಿಯಲ್ಲಿ ಅವಳ ಮದುವೆ. ನಲವತ್ತನಾಲ್ಕಕ್ಕೆ ಎಂಥ ಮದುವೆ ಎಂದು ಅಣ್ಣ ಮುಖ ತಿರುಗಿಸಿದ್ದಾನೆ, ಅವನ ಹಿಂದೆ ಉಳಿದವರೂ. ಹೆಣ್ಣಿನ ಕಡೆಯಿಂದ ಸಾಕ್ಷಿ ರುಜು ಹಾಕಲು ನಾನೊಬ್ಬಳೇ.

ಹನ್ನೊಂದು ಗಂಟೆ ಕುರ್ಚಿಯಲ್ಲಿ ಕೂತರೆ ಸೊಂಟ ಬಿದ್ದುಹೋಗುತ್ತದೆಂದು 8.05ಕ್ಕೆ ಹೊರಗೆ ಬಂದು ರೈಲು ಹತ್ತಿದೆ. 8.50ಕ್ಕೆ ಪೇಟೆಯಲ್ಲಿ ಇಳಿದೆ. ಹೊರಗೆ ಬಿಡುವಾಗ ಅಧಿಕಾರಿ ಪಾಸ್‌ಪೋರ್ಟ್ ಕೇಳಿದ್ದೇ ಕೊನೆ, ಆಮೇಲೆ ಐದು ಗಂಟೆ ಯಾರೂ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಸೇತುವೆ ನೋಡಿದೆ, ಮಕ್ಕಳು ಓಡಾಡುವ ಉದ್ಯಾನ ನೋಡಿದೆ, ಅಂಗಡಿಗಳ ಬೀಗ ನೋಡಿದೆ. ಬೀಗಗಳು ಒಳ್ಳೆಯವು. ಊರಿನಲ್ಲಾದರೆ ಇಷ್ಟು ಹೊತ್ತಿಗೆ ಹತ್ತು ಜನ ಅಕ್ಕಾ ಅಕ್ಕಾ ಎಂದು ಪ್ರಾಣ ತಿಂದಿರುತ್ತಿದ್ದರು. ಅವರ ಕಾಟವೇ ಬೇಕೆನಿಸಿತು. ಸತ್ತರೂ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು. ಇದು ಕೇಸಿಗೆ ಸಂಬಂಧಿಸಿದ್ದೇ ಎಂದು ದುಭಾಷಿ ಕೇಳಿದರು. ಸಂಬಂಧಿಸಿದ್ದು, ಬರೆದುಕೊಳ್ಳಿ ಎಂದೆ.

ಮಧ್ಯಾಹ್ನ 1.20ಕ್ಕೆ ಒಂದು ಬೀದಿಯ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಹನ್ನೆರಡು ಹೆಜ್ಜೆ ದೂರದಲ್ಲಿ 14ನೇ ನಂಬರಿನ ಮನೆ. ಸುಮಾರು ಎಂಬತ್ತು ವರ್ಷದ ಅಜ್ಜಿಯೊಬ್ಬರು ಎರಡು ಮೆಟ್ಟಿಲು ಹತ್ತಿ, ಚೀಲದಿಂದ ಕೀ ತೆಗೆದು ಬೀಗಕ್ಕೆ ಹಾಕಿದರು. ತಿರುಗಲಿಲ್ಲ. ಕೀಯನ್ನು ಕೋಟಿಗೆ ಒರೆಸಿ ಮತ್ತೆ ಹಾಕಿದರು. ಮೂರು ಸಲ ಹೀಗೆ ಆಯಿತು. ಆಮೇಲೆ ಕೀ ಚೀಲಕ್ಕೆ ಹಾಕಿ, ಬಾಗಿಲನ್ನು ಅಂಗೈಯಿಂದ ಒಮ್ಮೆ ಮುಟ್ಟಿ, ಮೆಟ್ಟಿಲು ಇಳಿದರು.

ಅವರು ನನ್ನನ್ನು ಕರೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹಿಂತಿರುಗಿ ಹೊರಟಿದ್ದವರನ್ನು ನಾನೇ ಎದ್ದು ಹೋಗಿ ತಡೆದೆ. ಈ ಮಾತಿನ ಕೆಳಗೆ ಗೆರೆ ಎಳೆಯಬೇಕೆಂದು ಕೋರುತ್ತೇನೆ.

ಯಾರ ಮನೆಯ ಬೀಗವನ್ನೂ ನಾನು ಸುಮ್ಮನೆ ತೆರೆಯುವುದಿಲ್ಲ. ಬಾಗಿಲು ತೆರೆದರೆ ಒಳಗೆ ಮೊದಲು ಕಾಣುವುದೇನು ಎಂದು ಕೇಳುತ್ತೇನೆ. ಮನೆಯವರು ಥಟ್ಟನೆ ಹೇಳುತ್ತಾರೆ, ಕಳ್ಳರು ತಡವರಿಸುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮೋಸಹೋದವಳಲ್ಲ. ಕೈಸನ್ನೆಯಲ್ಲಿ ಕೇಳಿ, ಚೀಟಿ ಪೆನ್ನು ಕೊಟ್ಟೆ. ಅಜ್ಜಿ ಥಟ್ಟನೆ ಚಿತ್ರ ಬರೆದು ತೋರಿಸಿದರು: ಎಡಗಡೆ ಕನ್ನಡಿ, ಅದರ ಕೆಳಗೆ ಮೂರು ಕಾಲಿನ ಮೇಜು, ಎದುರಿಗೆ ಮೇಲಕ್ಕೆ ಹೋಗುವ ಮೆಟ್ಟಿಲು. ನನ್ನ ಸಾಮಾನೆಲ್ಲ ಸೂಟ್‌ಕೇಸಿನಲ್ಲಿ ವಿಮಾನದವರ ಬಳಿ ಇದ್ದುದರಿಂದ ತಲೆಯ ಎರಡು ಪಿನ್ನು ತೆಗೆದು ಬಗ್ಗಿಸಿದೆ. ಬಾಗಿಲು ತೆರೆಯಲು ಹನ್ನೊಂದು ನಿಮಿಷ ಹಿಡಿಯಿತು. ಸಾಮಾನಿದ್ದರೆ ನಾಲ್ಕು.

ಒಳಗೆ ಮೆಟ್ಟಿಲಿತ್ತು. ಮೇಜು ಇರಲಿಲ್ಲ. ಕನ್ನಡಿಯೂ ಇರಲಿಲ್ಲ. ಎಡಗಡೆಯ ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಎರಡಡಿ ಉದ್ದಕ್ಕೆ ಬಣ್ಣ ತಿಳಿಯಾದ ಜಾಗ. ಆಗಲೇ ನನಗೆ ಗೊತ್ತಾಯಿತು. ಅಜ್ಜಿ ಹೇಳಿದ್ದು ನಿಜ, ಆದರೆ ಎಂದಿನದೋ ನಿಜ. ಅವರನ್ನು ಹೊರಗೆ ಕರೆದು ಬಾಗಿಲು ಎಳೆದುಕೊಂಡಿದ್ದರೆ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಎಳೆಯಲಿಲ್ಲ. ಅಜ್ಜಿ ನನ್ನ ಕೈ ಹಿಡಿದು ಮೂರನೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. 1.40ರಿಂದ 2.25ರವರೆಗೆ ಕೂತಿದ್ದೆವು. ಅವರು ಅವರ ಭಾಷೆಯಲ್ಲಿ ಮಾತಾಡಿದರು, ನಾನು ನನ್ನ ಭಾಷೆಯಲ್ಲಿ. ತಂಗಿಯ ಮದುವೆಯ ಸಂಗತಿ, ಅಣ್ಣನ ಸಿಟ್ಟು, ಎಲ್ಲವನ್ನೂ ಹೇಳಿಕೊಂಡೆ. ಅವರು ತಲೆಯಾಡಿಸಿದರು. ಆ ಮನೆಯಲ್ಲಿ ನಾವು ಒಂದು ಲೋಟ ನೀರನ್ನೂ ಮುಟ್ಟಿಲ್ಲ. ಅಜ್ಜಿ ಮಾತ್ರ ಕರವಸ್ತ್ರದಿಂದ ಮೆಟ್ಟಿಲ ಕಟಕಟೆಯ ಧೂಳು ಒರೆಸಿದರು.

2.25ಕ್ಕೆ ಮನೆಯ ಒಡತಿ ಬಂದು ನಮ್ಮನ್ನು ಕಂಡು ಕಿರುಚಿದರು. 2.40ಕ್ಕೆ ಪೊಲೀಸರು ಬಂದರು. 3.05ಕ್ಕೆ ಠಾಣೆಗೆ ಬಂದೆವು. ಒಡತಿ ಹೇಳಿದ್ದನ್ನು ದುಭಾಷಿ ನನಗೆ ತಿಳಿಸಿದರು. ಅಜ್ಜಿ ಆ ಮನೆಯಲ್ಲಿ 36 ವರ್ಷ ಇದ್ದವರು. ಮೂರು ವರ್ಷದ ಹಿಂದೆ ಅವರ ಅಕ್ಕನ ಮಗ ಅದನ್ನು ಮಾರಿದ. ಮಾರಿದ್ದು ಅಜ್ಜಿಗೆ ನೆನಪಿಲ್ಲ. ಪ್ರತಿ ಬುಧವಾರ ಬರುತ್ತಾರೆ, ಹಳೆಯ ಕೀ ಹಾಕುತ್ತಾರೆ, ತಿರುಗದಿದ್ದರೆ ಸುಮ್ಮನೆ ಹಿಂತಿರುಗುತ್ತಾರೆ. ಯಾರಿಗೂ ತೊಂದರೆಯಿರಲಿಲ್ಲ. ಒಮ್ಮೆ ಒಳಗೆ ನುಗ್ಗಿದರೂ ಅವರನ್ನು ಹೊರಗಿನಿಂದ ಬೀಗ ಹಾಕುವ ವೃದ್ಧಾಶ್ರಮಕ್ಕೆ ಸೇರಿಸಬೇಕೆಂದು ಆ ಅಕ್ಕನ ಮಗ ಠಾಣೆಗೆ ಮೊದಲೇ ಬರೆದುಕೊಟ್ಟಿದ್ದಾನಂತೆ.

ಮೂರು ವರ್ಷ ಆ ಬೀಗ ಅಜ್ಜಿಯನ್ನು ಕಾಪಾಡಿತ್ತು. ಅದನ್ನು ತೆರೆದವಳು ನಾನು.

3.50ಕ್ಕೆ ಅಧಿಕಾರಿಗಳು, ಮನೆ ತನ್ನದೆಂದು ಹೇಳಿ ಅಜ್ಜಿಯೇ ನನ್ನಿಂದ ಬಾಗಿಲು ತೆಗೆಸಿದರೆಂದು ಒಂದು ಸಾಲು ಬರೆಸಿದರೆ ನನ್ನ ಮೇಲೆ ಏನೂ ಉಳಿಯುವುದಿಲ್ಲ, ತಮ್ಮ ಕಾರಿನಲ್ಲೇ 4.30ರೊಳಗೆ ವಿಮಾನ ನಿಲ್ದಾಣಕ್ಕೆ ಬಿಡುತ್ತೇವೆ ಎಂದರು. ಇಲ್ಲದಿದ್ದರೆ ಮೇಲಧಿಕಾರಿ ಬರುವವರೆಗೆ ಕಾಯಬೇಕು ಎಂದರು. ದುಭಾಷಿ ತಾವಾಗಿಯೇ, "ಒಂದು ಸಾಲು ತಾನೇ ಅಕ್ಕ, ಬರೆಸಿಬಿಡಿ. ತಂಗಿ ಕಾಯ್ತಿರ್ತಾಳೆ," ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಗಡಿಯಾರ ನೋಡಿದೆ. ಬರೆಸಬಹುದಿತ್ತು, ಆಸೆಯೂ ಆಯಿತು. ಗಾಜಿನ ಆಚೆ ಅಜ್ಜಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ನನ್ನನ್ನು ಕರೆಯಲಿಲ್ಲ, ನಾನೇ ಹೋದೆ ಎಂದು ಮತ್ತೆ ಹೇಳಿದೆ.

ಮೇಲಧಿಕಾರಿ 5.15ಕ್ಕೆ ಬಂದು ಎಲ್ಲವನ್ನೂ ಓದಿಸಿ ಕೇಳಿದರು. ಬಾಗಿಲು ತೆರೆದದ್ದನ್ನು ನನ್ನ ಹೆಸರಿಗೆ ಮಾತ್ರ ಬರೆದುಕೊಂಡರು. ಅಜ್ಜಿ ತಾವಾಗಿ ನುಗ್ಗಿದವರಲ್ಲ, ಅವರ ಅಕ್ಕನ ಮಗನಿಗೆ ತಿಳಿಸುವಂಥದ್ದೇನೂ ಇಲ್ಲ ಎಂದರು. 5.35ಕ್ಕೆ ಅಜ್ಜಿಯನ್ನು ಅವರ ಈಗಿನ ಕೋಣೆಗೆ ಕಾರಿನಲ್ಲಿ ಕಳಿಸಿದರು. ಹೋಗುವಾಗ ಅವರು ನನ್ನ ಗುರುತು ಹಿಡಿಯಲಿಲ್ಲ.

ನನ್ನ ವಿಮಾನ ಹೋಗಿಯಾಗಿತ್ತು, ಇನ್ನೊಂದಿರುವುದು ನಾಳೆ ಮಧ್ಯಾಹ್ನವೆಂದು ತಿಳಿಯಿತು. 6.05ಕ್ಕೆ ಠಾಣೆಯ ಫೋನಿನಿಂದ ತಂಗಿಗೆ ವಿಷಯ ಹೇಳಿದೆ. ಅವಳು, ನಾಳೆ ಕಚೇರಿಯ ವರಾಂಡದಲ್ಲಿ ಯಾರಾದರೊಬ್ಬ ಹೆಂಗಸನ್ನು ನಿಲ್ಲಿಸಿ ರುಜು ಹಾಕಿಸಿಕೊಳ್ಳುತ್ತೇನೆ, ಗುರುತಿನವರೇ ಆಗಬೇಕೆಂದೇನೂ ಇಲ್ಲವಂತೆ ಎಂದಳು. ಬೈಯಲಿಲ್ಲ. "ಊಟ ಮಾಡಿದ್ಯೇನೇ ಅಕ್ಕ?" ಎಂದು ಕೇಳಿದಳು. ಮಾಡಿದೆ ಎಂದೆ.

ಈ ಹೇಳಿಕೆಯನ್ನು ನನ್ನ ಭಾಷೆಯಲ್ಲಿ ಓದಿ ಹೇಳಿದರು. ತಂಗಿಗೆ ಊಟದ ಬಗ್ಗೆ ಹೇಳಿದ ಆ ಒಂದು ಮಾತು ಬಿಟ್ಟು ಇದರಲ್ಲಿರುವುದೆಲ್ಲ ನಿಜವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆಯ ಕೆಳಮಹಡಿ, ಎರಡನೇ ಕೋಣೆ
ದಿನ: ಬುಧವಾರ, ಸಂಜೆ 6.35
(ರುಜು) ಬೀಗದಕ್ಕ