ಐದೂವರೆ ನಂಬರಿನ ಬಾಗಿಲು

ಹಲೋ... ಹಾಂ, ಹಲೋ, ಯಾರು ಮಾತಾಡೂದು?... ಯಾರು?... ಓ, ರಾಮನಾಥ ಇಂಜಿನಿಯರ್ರು! ಬೈತಖೋಲದ ಐಸ್ ಫ್ಯಾಕ್ಟರಿಯಿಂದ!... ಹೌದು, ಉದಯನೇ. ಆದ್ರೆ ನಿಮಗೆ ಯಾವ ಉದಯ ಬೇಕು ಸರ್? ಜುಲೈ ತಿಂಗಳಲ್ಲಿ ಇಪ್ಪತ್ತು ಜನರ ಎದುರು 'ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ್ನೇ, ಮೊದ್ಲು ಕೈಯ ಮೀನಿನ ವಾಸನೆ ತೊಳ್ಕೊಂಡು ಬಾ, ಆಮೇಲೆ ನನ್ನ ಪ್ರೋಗ್ರಾಮಿನ ಕರ್ನಲ್ ಬಗ್ಗೆ ಮಾತಾಡು' ಅಂದ್ರಲ್ಲ, ಆ ಉದಯ ಬೇಕಿತ್ತಾ?

...

ನೆನಪಿಲ್ವಾ? ಪಾಪ. ನಂಗೆ ಬರೋಬರ್ ನೆನಪದೆ. ಕಂಪ್ರೆಸರ್ ನೋಡ್ಕೊಳ್ಳೋ ನಿಮ್ಮ ಹೊಸ ಕಂಪ್ಯೂಟರ್ ಪೆಟ್ಟಿಗೆಗೆ ಪೂಜೆ ಮಾಡಿದ ದಿನ. ಕಂಟ್ರೋಲರಿಗೆ ಹೂವು, ಪ್ರಿಂಟರಿಗೆ ಕುಂಕುಮ. ನಿಮ್ಮ ನಕ್ಷೆ ನೋಡಿ ಅದಕ್ಕೆ ವೈರ್ ಎಳೆದವ ನಾನು. ಮೂಲೇಲಿ ನಿಂತು ಒಂದೇ ಮಾತು ಹೇಳಿದೆ, 'ಸರ್, ಪ್ರೆಷರ್ ಸ್ವಿಚ್ಚಿನ ವೈರು ಚಿಪ್ಪಿನ ತಪ್ಪು ಕಾಲಿಗೆ ಹೋಗ್ತಾ ಅದೆ' ಅಂತ. ಅದಕ್ಕೆ ನೀವು ಕೊಟ್ಟ ಉತ್ತರ ಅದು. ಫ್ಯಾಕ್ಟರಿ ಮಾಲಕ ಶೇಠರು ನಕ್ಕರು. ಬೋಟಿನವರು ನಕ್ಕರು. ದುರ್ಗಪ್ಪ ಮಾವ, ಇಪ್ಪತ್ತು ವರ್ಷ ಆ ಕಂಪ್ರೆಸರ್ ನೋಡ್ಕೊಂಡ ಮನುಷ್ಯ, ಅವನೂ ಪ್ರಸಾದ ತಿಂತಾ ನಕ್ಕ. ನಗದೇ ಇದ್ದವಳು ಒಬ್ಳೇ, ಐಸ್ ಒಡೆಯೋ ನಾಗಕ್ಕ. 'ಹುಡ್ಗ ಎಂತದೋ ಹೇಳ್ತಾನೆ, ಒಂದ್ಸಲ ಕೇಳ್ರೋ' ಅಂದ್ಳು. ಯಾರು ಕೇಳ್ತಾರೆ? ಅವಳ ಕೈಗೂ ಮೀನಿನ ವಾಸನೆಯೇ ಅಲ್ವಾ.

...

ಈಗ ಅವಳ ಸುದ್ದಿ ನನ್ನ ಹತ್ರ ಕೇಳ್ತೀರಾ? ಫ್ಯಾಕ್ಟರಿಗೂ ಆಸ್ಪತ್ರೆಗೂ ಎಷ್ಟು ದೂರ?... ಹಾಂ, ಟೈಮ್ ಆಗ್ಲಿಲ್ಲ. ಇಲ್ಲಿ ಬಾಳೆಗುಳಿ ಕ್ರಾಸಿನ ಅಂಗಡಿಯ ಫೋನ್ ನಂಬರ್ ಹುಡುಕೋಕೆ ಟೈಮ್ ಆಯ್ತು, ಆಸ್ಪತ್ರೆಗೆ ಹೋಗೋಕೆ ಆಗ್ಲಿಲ್ಲ. ನಾನು ಹೋಗಿದ್ದೆ ಸರ್. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಕಂಪ್ರೆಸರಿಂದ ಸೋರಿದ ಅಮೋನಿಯಾ ಗ್ಯಾಸ್ ಎದೆಗೆ ಇಳಿದದೆ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಎಳೀತಾಳೆ. ನನ್ನ ದನಿ ಗುರ್ತು ಹಿಡಿದು ಕೇಳಿದ್ಳು, 'ಅಲಾರಮ್ಮಿನ ಭೋಂಗಾ ಯಾಕೋ ಕೂಗ್ಲಿಲ್ಲ, ಉದಯಾ?' ಅಂತ. ಕೂಗಿದ್ರೆ ಓಡ್ತಿದ್ದಳು. ಬಾಗಿಲು ಹನ್ನೆರಡು ಹೆಜ್ಜೆ.

...

ಏನಂದ್ರಿ?... ಇನ್ನೊಂದ್ಸಲ ಹೇಳಿ. ಮಾಬ್ಲೇಶ್ವರಣ್ಣಾ, ನಿನ್ನ ಅಂಗಡಿ ರೇಡಿಯೋ ಸ್ವಲ್ಪ ಸಣ್ಣ ಮಾಡು, ಇಂಜಿನಿಯರ್ ಸಾಹೇಬ್ರು ಕಥೆ ಹೇಳ್ತಿದ್ದಾರೆ... ಹಾಂ, ಹೇಳಿ.

...

ದುರ್ಗಪ್ಪ ಮಾವ ಅಲಾರಮ್ಮಿನ ಕೀಲಿ ಆಫ್ ಮಾಡಿ ಇಟ್ಟಿದ್ದ. ಹಾಗೆ ನಾನು ಹೇಳ್ಬೇಕು. ಹನ್ನೊಂದು ಗಂಟೆಗೆ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರೆ, ವೈರಿಂಗ್ ಮಾಡಿದವ ನಾನೇ ಆದ್ದರಿಂದ ನಾನು ಬರೆದು ಸಹಿ ಹಾಕ್ಬೇಕು. ಮತ್ತೆ ನನ್ನ ನೋಟ್‌ಬುಕ್ ತಂದು ನಿಮ್ಮ ಕೈಗೆ ಕೊಡ್ಬೇಕು. ಅಷ್ಟೇ ಅಲ್ವಾ? ಚಿಕ್ಕ ಕೆಲಸ. ಒಬ್ಬನ ಕೆಲಸ ಹೋಗ್ತದೆ, ಬಹುಶಃ ಜೈಲೂ ಆಗ್ತದೆ. ನಾಗಕ್ಕನನ್ನ ಹೊತ್ಕೊಂಡು ಹೊರಗೆ ಬಂದವನೇ ಅವನು. ಅವನ ಕೈಯ ಚರ್ಮ ಇನ್ನೂ ಏಳ್ತಾ ಅದೆ.

...

ಹೌದು, ನಕ್ಕಿದ್ದ. ನನ್ನ ನೋಡಿ ನಕ್ಕಿದ್ದ. ಅದಕ್ಕೆ ನಾನು ಸುಳ್ಳು ಬರೀತೇನೆ ಅಂದ್ಕೊಂಡ್ರಾ? ನಿಮ್ಮ ಲೆಕ್ಕ ಅಷ್ಟೇ ಸರ್. ಪ್ರೋಗ್ರಾಮೂ ಹಾಗೇ ಬರೆದಿದ್ದೀರಿ.

...

ಯಾರು ಹೇಳಿದ್ರು ಅರ್ಥ ಆಗೂದಿಲ್ಲ ಅಂತ? ಪ್ರೋಗ್ರಾಮ್ ತುಂಬಿದ ಸ್ಪೇರ್ ಚಿಪ್ಪು ನನ್ನ ಕೈಗೇ ಕೊಟ್ಟು ಹೋಗಿದ್ರಿ, ಡಬ್ಬಿಯಲ್ಲಿಟ್ಟು ಹತ್ತಿ ಸುತ್ತಿ. ಮಡಗಾಂವಿನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ ಅಂಗಡಿಯಲ್ಲಿ ಚಿಪ್ ಓದೋ ಮಷಿನ್ ಅದೆ. ಎರಡು ಸಾವಿರದ ನಲವತ್ತೆಂಟು ಕೋಡು ಒಂದೊಂದಾಗಿ ಓದಿ ಆ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಏಳನೇ ಕ್ಲಾಸಿನವನಿಗೆ ಅಕ್ಷರ ಬರ್ತದೆ ಸರ್. ನಿಮ್ಮ ಕರ್ನಲ್ಲಿನ ಹೊಟ್ಟೆಯಲ್ಲಿ ಏನೇನು ಅದೆ ಅಂತ ನಿಮಗಿಂತ ಚೆನ್ನಾಗಿ ನಂಗೆ ಗೊತ್ತದೆ.

...

ಇಲ್ಲ, ದನಿ ಸಣ್ಣ ಮಾಡೂದಿಲ್ಲ. ಇಲ್ಲಿ ಆರು ಜನ ಚಾ ಕುಡೀತಾ ಕೂತಿದ್ದಾರೆ. ಅವತ್ತು ಇಪ್ಪತ್ತು ಜನ ಇದ್ರು, ಇವತ್ತು ಆರೇ. ನಿಮಗೇ ಲಾಭ. ಅವ್ರಿಗೂ ತಿಳೀಲಿ. ಏ ಕಾಶಿ, ಕೇಳು. ಇವರ ಪೆಟ್ಟಿಗೆಯಲ್ಲಿ ಕೆಲಸ ಮಾಡೂದು ಒಂದೇ ತಲೆ. ಒಂದೇ ಸಲಕ್ಕೆ ಹತ್ತು ಕಡೆಯಿಂದ ಕರೀತಾರೆ. ಯಾರ ಕರೆಗೆ ಮೊದ್ಲು ಓಗೊಡೂದು, ಯಾರನ್ನ ಕಾಯ್ಸೂದು ಅಂತ ತೀರ್ಮಾನ ಮಾಡೋ ಪ್ರೋಗ್ರಾಮಿಗೆ ಕರ್ನಲ್ ಅಂತಾರೆ. ಕಾಯ್ಸೂದಕ್ಕೆ ಮಾಸ್ಕ್ ಮಾಡೂದು ಅಂತಾರೆ, ಮುಚ್ಚಳ ಹಾಕೂದು. ಇಷ್ಟೇ. ಇದಕ್ಕೆ ಡಿಗ್ರಿ ಬೇಡ. ನಮ್ಮಪ್ಪ ಬೋಟಿನ ತಾಂಡೇಲ, ಬೋಟು ನಡೆಸೋನು. ಬಲೆ ಎಳೆಯುವಾಗ ಬೀಡಿ ಬೇಕು ಅಂದ್ರೂ ಕೇಳೂದಿಲ್ಲ, ಗಂಜಿ ಆಯ್ತು ಅಂದ್ರೂ ಕೇಳೂದಿಲ್ಲ. ಕಿವಿಗೆ ಮುಚ್ಚಳ. ಆದ್ರೆ 'ಮನುಷ್ಯ ನೀರಿಗೆ ಬಿದ್ದ' ಅಂದ್ರೆ? ಬಲೆ ಹೋದ್ರೆ ಹೋಯ್ತು, ಹಗ್ಗ ಕಡೀತಾನೆ. ಅವನಿಗೆ ಯಾವ ಕಾಲೇಜಿನವರೂ ಕಲಿಸಿಲ್ಲ.

...

ಬೋಟು ಬೇರೆ, ಪೆಟ್ಟಿಗೆ ಬೇರೆ ಅಂತೀರಾ? ಹೇಗೆ ಬೇರೆ ಆಗ್ತದೆ? ನಿಮ್ಮ ಪ್ರೊಸೆಸರಿಗೆ ಕರೆಯೋ ಬಾಗಿಲುಗಳಿವೆ, ಮೇಲಿಂದ ಕೆಳಗೆ. ಎಲ್ಲಕ್ಕಿಂತ ಮೇಲೆ ಟ್ರ್ಯಾಪ್. ಅದಕ್ಕೆ ಮುಚ್ಚಳ ಹಾಕೋಕೆ ಯಾರಿಂದಲೂ ಆಗೂದಿಲ್ಲ. ಅದರ ಕೆಳಗೆ ಏಳೂವರೆ, ಆರೂವರೆ, ಐದೂವರೆ ನಂಬರಿನವು. ನೀವು ಟ್ರ್ಯಾಪ್ ಯಾರಿಗೆ ಕೊಟ್ರಿ? ಹೇಳಿ ಸರ್, ಆರು ಜನ ಕಾಯ್ತಿದ್ದಾರೆ... ಹಾಂ, ಕರೆಂಟ್ ಹೋಗೂದಕ್ಕೆ. ಯಾಕಂದ್ರೆ ಕರೆಂಟ್ ಹೋದ್ರೆ ಶೇಠರ ರಿಪೋರ್ಟ್ ಅಳಿಸಿ ಹೋಗ್ಬಾರ್ದು. ಏಳೂವರೆ ಬೋಟಿನವರ ಐಸ್ ಚೀಟಿ ಪ್ರಿಂಟಿಗೆ. ಆರೂವರೆ ಬಟನ್ನುಗಳಿಗೆ. ಕೊನೆಗೆ ಉಳಿದ ಐದೂವರೆ, ಹಿತ್ತಿಲ ಬಾಗಿಲು, ಅದು ಕಂಪ್ರೆಸರ್ ಪ್ರೆಷರ್ ಸ್ವಿಚ್ಚಿಗೆ. ಕಾಗದ ಉಳೀಬೇಕು ಅಂದ್ರೆ ಟ್ರ್ಯಾಪ್. ಮನುಷ್ಯ ಉಳೀಬೇಕು ಅಂದ್ರೆ ಐದೂವರೆ!

...

ಶೇಠರು ಹೇಳಿದ್ದು ಅಂದ್ರೆ? ಶೇಠರಿಗೆ ಟ್ರ್ಯಾಪ್ ಅಂದ್ರೆ ಇಲಿ ಹಿಡಿಯೋ ಬೋನು. ಕಲಿತವರು ನೀವು.

...

ತಾಳಿ, ಅದೂ ಗೊತ್ತದೆ. ಕೆಳಗಿನ ಬಾಗಿಲಾದ್ರೂ ತೊಂದ್ರೆ ಇಲ್ಲ, ಚೀಟಿ ಮುಗಿದ ಕೂಡಲೇ ನೋಡ್ತದೆ ಅಂತ ಅಲ್ವಾ? ಚೀಟಿ ಮುಗಿದ್ರೆ. ಒಂದು ಕರೆ ಒಳಗೆ ಬಂದ ಕೂಡಲೇ ಟ್ರ್ಯಾಪ್ ಬಿಟ್ಟು ಕೆಳಗಿನ ಮೂರೂ ಬಾಗಿಲು ತಮ್ಮಷ್ಟಕ್ಕೆ ಮುಚ್ಕೊಳ್ತವೆ. ತೆಗೀಬೇಕಾದವ ಪ್ರೋಗ್ರಾಮ್ ಬರೆದವ. ಅದಕ್ಕೆ ಎಫ್‌ಬಿ ಅಂತ ಒಂದೇ ಒಂದು ಕೋಡು. ಅದನ್ನ ನೀವು ಎಲ್ಲಿ ಇಟ್ರಿ? ಇಡೀ ಚೀಟಿ ಪ್ರಿಂಟಾಗಿ, ಕಾಗದ ಮುಂದೆ ಸರಿದು, ಎಲ್ಲಾ ಮುಗಿದ ಮೇಲೆ. ನನ್ನ ನೋಟ್‌ಬುಕ್ಕಿನ ಎಂಬತ್ತಮೂರನೇ ಪುಟ, ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೇನೆ. ಒಂದು ಅಕ್ಷರ ಪ್ರಿಂಟರಿಗೆ ಕೊಟ್ಟು ಹೊರಗೆ ಬರ್ಬೇಕು, ಬಾಗಿಲು ತೆಗೀಬೇಕು, ಅದು ಮುಗಿಸಿ ಮತ್ತೆ ಕರೆದಾಗ ಇನ್ನೊಂದು ಅಕ್ಷರ ಕೊಡ್ಬೇಕು. ನೀವು ಒಳಗೆ ಹೋಗಿ ಕದ ಹಾಕಿ ಪ್ರಿಂಟರ್ ಎದುರು ಚಕ್ಕಳಮಕ್ಕಳ ಕೂತ್ರಿ.

...

ಬೆಳಗಾವಿಯಲ್ಲಿ ಟೆಸ್ಟ್ ಮಾಡಿದ್ರಿ. ತಿಂಗಳುಗಟ್ಟಲೆ. ಹಾಂ. ಬೆಳಗಾವಿಯ ಆಫೀಸಲ್ಲಿ, ಫ್ಯಾನ್ ಕೆಳಗೆ, ಹಪ್ಪಳದಂಥಾ ಕಾಗದ ಹಾಕಿ. ಅಲ್ಲಿ ಚೀಟಿ ಹರಿಯೂದು ಯಾರು? ನೀವೇ, ಪೌಡರ್ ಹಚ್ಚಿದ ಕೈಲಿ. ಬೈತಖೋಲದಲ್ಲಿ ಆಗಸ್ಟ್ ತಿಂಗಳಲ್ಲಿ ಡಬ್ಬಿಯೊಳಗಿನ ಉಪ್ಪು ನೀರಾಗ್ತದೆ, ಕಡ್ಡಿಪೆಟ್ಟಿಗೆಯ ಕಡ್ಡಿ ಹತ್ತೂದಿಲ್ಲ. ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬೋಟು ಇಳಿದ ಮೂರನೇ ದಿನ, ಒಂದೇ ಬೆಳಿಗ್ಗೆ ನಲವತ್ತು ಬೋಟು ಐಸ್ ಕೇಳ್ತಾವೆ. ಚೀಟಿ ಹರಿಯೂದು ಐಸ್ ಹೊತ್ತ ಹೆಂಗಸರು, ನೀರು ಸೋರೋ ಕೈಲಿ. ಕಾಗದ ನೆಂದ ದೋಸೆ ಆಗ್ತದೆ. ಸಿಕ್ಕಿಕೊಳ್ತದೆ. ಪ್ರಿಂಟರ್ ನಿಂತ್ಕೊಳ್ತದೆ. ನಿಮ್ಮ ಕರ್ನಲ್ ಕದ ಹಾಕ್ಕೊಂಡು ಪ್ರಿಂಟರ್ ಮುಖ ನೋಡ್ತಾ ಕೂತ್ಕೊಳ್ತದೆ. ಹಿತ್ತಿಲ ಬಾಗಿಲಲ್ಲಿ ಪ್ರೆಷರ್ ಸ್ವಿಚ್ಚು ಬಡ್ಕೊಳ್ತಾ ಅದೆ, ಬಡ್ಕೊಳ್ತಾನೇ ಅದೆ...

...

ಸುಮ್ನಿರಿ, ಮುಗೀಲಿಲ್ಲ ಇನ್ನೂ. ಚೀಟೀಲಿ 'ನಾರ್ಮಲ್' ಅಂತ ಬಂದದೆ, ಅಲಾರಂ ಬಂದ ದಾಖಲೆಯೇ ಇಲ್ಲ, ಅದಕ್ಕೇ ಕೀಲಿ ಆಫ್ ಇತ್ತು ಅಂತೀರಿ. ಸರ್, ಏಳೂವರೆಯ ಬಾಗಿಲು ಒಂದ್ಸಲ ತಟ್ಟಿ ಹೋದ್ರೂ ನೆನಪಿಟ್ಕೊಳ್ತದೆ. ಐದೂವರೆಗೆ ನೆನಪಿಲ್ಲ. ಒಳಗಿನವ ಕದ ತೆಗೆಯೋ ತನಕ ಹೊರಗಿನವ ಬಡೀತಾನೇ ಇರ್ಬೇಕು. ಅಷ್ಟರಲ್ಲಿ ಆದದ್ದೇನು? ಒತ್ತಡ ಏರಿ ಗ್ಯಾಸ್ಕೆಟ್ ಹಾರ್ತು. ಅಮೋನಿಯಾ ಹೊರಗೆ ಬಂತು. ಹೊರಗೆ ಬಂದ ಮೇಲೆ ಒಳಗೆ ಒತ್ತಡ ಇಳೀತು, ಸ್ವಿಚ್ಚು ಬಡಿಯೂದು ನಿಲ್ಲಿಸ್ತು. ಆಮೇಲೆ ಯಾರೋ ಕಾಗದ ಎಳೆದ್ರು, ಪ್ರಿಂಟರ್ ಬಿಡ್ತು, ನಿಮ್ಮ ಕರ್ನಲ್ ಕದ ತೆಗೆದು ನೋಡ್ತು. ಬಾಗಿಲಲ್ಲಿ ಯಾರೂ ಇಲ್ಲ. 'ನಾರ್ಮಲ್' ಅಂತ ಬರೀತು. ನಾಗಕ್ಕ ನೆಲದ ಮೇಲೆ ಬಿದ್ದಿದ್ದಾಳೆ, ಎಲ್ಲಾ ನಾರ್ಮಲ್!

...

ಪುರಾವೆನಾ? ನೂರಾ ಹದಿಮೂರನೇ ಚೀಟಿ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ. ನೂರಾ ಹದಿನಾಲ್ಕನೇದು ಆರು ಐವತ್ತೊಂದಕ್ಕೆ. ನಲವತ್ತು ಬೋಟು ಸಾಲು ನಿಂತ ಹೊತ್ತಲ್ಲಿ ಒಂಬತ್ತು ನಿಮಿಷ ಒಂದೂ ಚೀಟಿ ಇಲ್ಲ. ಯಾಕೆ? ಕೀಲಿ ಆಫ್ ಮಾಡಿದ್ರೆ ಪ್ರಿಂಟರ್ ಯಾಕೆ ನಿಲ್ಲಬೇಕು?... ಇಲ್ಲ, ಫ್ಯಾಕ್ಟರಿಯಲ್ಲಿ ಹುಡುಕ್ಬೇಡಿ. ಆ ಸಿಕ್ಕಿಕೊಂಡ ಚೀಟಿ ತಗೊಂಡ ಬೋಟು ನಮ್ಮೂರ ಬಾಬು ತಾಂಡೇಲನದು. ಅಕ್ಷರದ ಮೇಲೆ ಅಕ್ಷರ ಕೂತು, ನಡುವೆ ಸುಕ್ಕು ಬಿದ್ದು, ಚಂದ ಅದೆ ನೋಡೋಕೆ. ನೋಟ್‌ಬುಕ್ಕಿಗೆ ಅಂಟಿಸಿದ್ದೇನೆ.

...

ಈಗ ಹೇಳ್ತೀರಾ, 'ನೀನು ಬುದ್ಧಿವಂತ' ಅಂತ? ಈಗ ಮೀನಿನ ವಾಸನೆ ಹೋಯ್ತಾ, ಫೋನಲ್ಲಿ ಬರೂದಿಲ್ವಾ?... ಬೆಳಗಾವಿಯಲ್ಲಿ ಕೆಲಸ. ಟೆಕ್ನಿಷಿಯನ್. ನಿಮ್ಮ ಕೈಕೆಳಗೆ. ಜೀಪ್ ಕಳಿಸ್ತೀರಿ, ಅರ್ಧ ದಾರಿಯಲ್ಲೇ ನೋಟ್‌ಬುಕ್ ಕೊಟ್ಟುಬಿಡ್ಬೇಕು. ವಾ. ಇಷ್ಟು ಬೇಗ ನನ್ನನ್ನ ಐದೂವರೆಯಿಂದ ಟ್ರ್ಯಾಪಿಗೆ ಏರಿಸಿಬಿಟ್ರಿ!

...

ಏನಂದ್ರಿ?

...

ಇನ್ನೊಂದ್ಸಲ ಹೇಳು. ಸರ್ ಅನ್ನೂದು ಮುಗೀತು ನಿಂಗೆ. ಹೇಳು.

...

ಹೌದು. ಗೊತ್ತಿತ್ತು. ಜುಲೈಯಿಂದ ಗೊತ್ತಿತ್ತು ನಂಗೆ. ನೀನು ಹೇಳಿದ ಮಾತುಗಳಲ್ಲಿ ಇದೊಂದೇ ಖರೆ. ಅವತ್ತು ನನ್ನ ಚೀಲದಲ್ಲಿ ನಾಲ್ಕು ಮೀಟರ್ ವೈರಿತ್ತು. ಸ್ವಿಚ್ಚಿಂದ ಸೀದಾ ಭೋಂಗಾಕ್ಕೆ ಎಳೆದಿದ್ರೆ ನಿನ್ನ ಕರ್ನಲ್ಲೂ ಬೇಡ, ನೀನೂ ಬೇಡ. ಹತ್ತು ನಿಮಿಷದ ಕೆಲಸ. ನಾನು ಮಾಡ್ಲಿಲ್ಲ. ಸಿಟ್ಟು. ಆಗ್ಲಿ, ಹಾಳಾಗಿ ಹೋಗ್ಲಿ, ಆಮೇಲೆ ನನ್ನನ್ನೇ ಹುಡ್ಕೊಂಡು ಬರ್ತಾರೆ ಅಂತ ಬೈತಖೋಲದ ಕಡೆ ತಲೆನೇ ಹಾಕ್ಲಿಲ್ಲ. ನಾಗಕ್ಕ ಎರಡು ಸಲ ಹೇಳಿ ಕಳಿಸಿದ್ಳು, 'ಒಂದ್ಸಲ ಬಂದು ನೋಡಿ ಹೋಗು' ಅಂತ. ಎರಡು ಸಲ. ನಾನೂ ಕದ ಹಾಕ್ಕೊಂಡು ಕೂತಿದ್ದೆ.

...

ಹೆದರ್ಸ್ತೀಯಾ? ಅದನ್ನ ಬಚ್ಚಿಡ್ತೇನೆ ಅಂದ್ಕೊಂಡ್ಯಾ? ಕೊನೇ ಪುಟದಲ್ಲಿ ಬರೆದಿಟ್ಟಿದ್ದೇನೆ, ತಾರೀಖು ಹಾಕಿ, ಸಹಿ ಹಾಕಿ. ನಿನ್ನ ಎಂಬತ್ತಮೂರನೇ ಪುಟ ಓದುವವ ನನ್ನ ಕೊನೇ ಪುಟನೂ ಓದ್ತಾನೆ. ದುರ್ಗಪ್ಪ ಮಾವನ ಹೆಸರು ಯಾವ ಪುಟದಲ್ಲೂ ಇಲ್ಲ. ಅಲ್ಲಿ ನಗ್ತಾ ನಿಂತಿದ್ದ, ಅಷ್ಟೇ ಅವನ ತಪ್ಪು.

...

ಬಸ್ಸು ಬಂತು. ಕಾಶಿ, ಕೈ ಮಾಡು, ನಿಲ್ಲಿಸು ಅದನ್ನ!

...

ಅವನು ಇನ್ನೂ ಕೇಳುತ್ತಲೇ ಇದ್ದ: ಎಲ್ಲಿಗೆ ಹೋಗುತ್ತಿದ್ದೇನೆ, ಯಾವ ಬಸ್ಸು, ಕೊನೆಗೆ ನನಗೆ ಬೇಕಾದದ್ದಾದರೂ ಏನು. ನಾನು ರಿಸೀವರನ್ನು ಫೋನಿನ ಮೇಲೆ ಇಡಲಿಲ್ಲ. ಬಿಸ್ಕತ್ತಿನ ಭರಣಿಯ ಪಕ್ಕ ಮೇಜಿನ ಮೇಲೆ ಮಲಗಿಸಿದೆ. ಅದು ಅಲ್ಲೇ ಹಲೋ ಹಲೋ ಎಂದು ಸಣ್ಣಗೆ ಕೂಗತೊಡಗಿತು. ಮಾಬ್ಲೇಶ್ವರಣ್ಣ ಎತ್ತಿಕೊಳ್ಳಲು ಕೈ ಚಾಚಿದ. ನನ್ನ ಮುಖ ನೋಡಿ ಕೈ ಹಿಂದೆಗೆದುಕೊಂಡ. ಹನ್ನೊಂದಕ್ಕೆ ಇನ್ಸ್‌ಪೆಕ್ಟರರ ಕೈಗೇ ಕೊಡಬೇಕಾದ ನೋಟ್‌ಬುಕ್ಕನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ರಸ್ತೆ ದಾಟಿದೆ. ಕಾರವಾರದ ಬಸ್ಸಿನ ಮೆಟ್ಟಿಲಿನ ಮೇಲೆ ಕಾಲಿಟ್ಟಾಗಲೂ ಆ ಸಣ್ಣ ಕೂಗು ನಿಂತಿರಲಿಲ್ಲವಂತೆ. ಅಂಗಡಿಯಲ್ಲಿ ಕೂತವರೆಲ್ಲ ಅದನ್ನೇ ನೋಡುತ್ತಿದ್ದರು, ಯಾರೂ ಏಳಲಿಲ್ಲ. ಆಮೇಲೆ ಲೈನ್ ಕಟ್ಟಾಯಿತಂತೆ.